ಕೈ ಬಿಡುವ ಆಟ

ಹಗ್ಗದ ತುದಿಗೆ ಸುತ್ತಿದ್ದ ಕೆಂಪು ಟೇಪು ಮಗಳ ಕಣ್ಣಿಗೆ ಬಿದ್ದದ್ದು ಅಪ್ಪ ಬಂಡೆಯ ಮೇಲೆ ಮೂರಾಳೆತ್ತರ ಏರಿದ ಮೇಲೆ. ಬಲಗೈ ಚಾಚಿ ಮೇಲಿನ ಸೀಳನ್ನು ಹಿಡಿದಾಗ ಅವನ ಜಾಕೆಟ್ಟು ಸೊಂಟದಿಂದ ಮೇಲೆ ಸರಿಯಿತು. ಟೇಪು ಅವನ ಮೊಣಕಾಲಿನ ಹತ್ತಿರ ಗಾಳಿಗೆ ತೂಗಾಡುತ್ತಿತ್ತು. ಅದು ಅಲ್ಲಿರಬಾರದು. ಗಂಟು ಪೂರ್ತಿ ಕಟ್ಟಿದ್ದರೆ ತುದಿ ಹೊಟ್ಟೆಗೆ ಅಂಟಿಕೊಂಡಿರುತ್ತಿತ್ತು, ಹೀಗೆ ಜೋತು ಬೀಳುವಷ್ಟು ಮಿಕ್ಕಿರುತ್ತಿರಲಿಲ್ಲ.

ಹಗ್ಗದ ತುದಿ ಸೊಂಟದ ಬೆಲ್ಟಿನ ಕುಣಿಕೆಯೊಳಗೆ ನುಸುಳಿ, ಬಂದ ದಾರಿಯಲ್ಲೇ ಪೂರ್ತಿ ಹಿಂದಿರುಗಬೇಕು. ಆಗ ಆನೆ ಎಳೆದರೂ ಗಂಟು ಬಿಚ್ಚುವುದಿಲ್ಲ. ಅಪ್ಪನ ಗಂಟು ಅರ್ಧ ದಾರಿಯಲ್ಲಿ ನಿಂತಿತ್ತು. ಹಗ್ಗ ಸುಮ್ಮನೆ ಜೋತಾಡುವಷ್ಟು ಹೊತ್ತು ಅದು ತಡೆಯುತ್ತದೆ, ಮನುಷ್ಯನ ಭಾರ ಬಿದ್ದರೆ ತಡೆಯುವುದಿಲ್ಲ. ಕೆಳಗೆ ಮಗಳ ಕೈಗಳು ಮಾತ್ರ ತಮ್ಮ ಪಾಡಿಗೆ ಹಗ್ಗ ಬಿಡುತ್ತಲೇ ಇದ್ದವು.

ಬಂಡೆಯ ಬುಡದ ಕಟ್ಟೆಯ ಮೇಲೆ ಅವಳ ಜೊತೆ ದುಡ್ಡು ಕೊಟ್ಟು ಬೆಟ್ಟ ಹತ್ತಲು ಬಂದ ಈ ಸಲದ ಗಿರಾಕಿಗಳು ನಿಂತಿದ್ದರು: ಒಬ್ಬರು ಹಲ್ಲಿನ ಡಾಕ್ಟರು, ಅವರ ಭಾಮೈದ. ಇಬ್ಬರನ್ನೂ ಬಂಡೆಯ ಕೊಂಡಿಗೆ ಕಟ್ಟಿಯಾಗಿತ್ತು. ಬಾಯಿ ಮಾತ್ರ ಕಟ್ಟಿರಲಿಲ್ಲ. ಡಾಕ್ಟರಿಗೆ ಊರಿನಲ್ಲಿ ಇಡೀ ದಿನ ಬಾಯಿ ತೆರೆದುಕೊಂಡು ಕೂತವರ ಮುಂದೆ ತಾವೊಬ್ಬರೇ ಮಾತಾಡಿ ಅಭ್ಯಾಸ. ಬೆಟ್ಟದ ಮೇಲೂ ಅದೇ ನಡೆದಿತ್ತು.

"ಆ ಕೈ ಬಿಡೋ ಆಟ ಇಲ್ಲೇ ತಾನೆ?" ಅವರು ಫೋನು ತೆಗೆದು ಹಿಡಿದರು. "ಪಕ್ಕದ ಮನೆಯವರು ಹೋದ ವರ್ಷ ಇಲ್ಲಿಗೆ ಬಂದಿದ್ರು. ಬೆಟ್ಟದ ತುದಿ ಬಗ್ಗೆ ಒಂದು ಮಾತು ಹೇಳಲಿಲ್ಲ, ಬರೀ ಮೇಸ್ತ್ರಿ ಆಟದ್ದೇ ಕಥೆ."

ಆಟ ಇಷ್ಟೆ. ಅಪ್ಪನನ್ನು ಬೆಟ್ಟದಲ್ಲಿ ಎಲ್ಲರೂ ಕರೆಯುವುದು ಮೇಸ್ತ್ರಿ ಎಂದೇ. ಬಂಡೆಯ ನಡುವೆ, ಅವನು ಪ್ರಾಯದಲ್ಲಿ ಬಡಿದ ಒಂದು ಕಬ್ಬಿಣದ ಗೂಟವಿದೆ. ಅದಕ್ಕೆ ಕೊಂಡಿ ಹಾಕಿ, ಹಗ್ಗವನ್ನು ಕೊಂಡಿಯೊಳಗೆ ಸೇರಿಸಿ ಅವನು "ಹಿಡ್ಕೋ" ಎನ್ನುತ್ತಾನೆ. ಮಗಳು ಕೆಳಗಿನಿಂದ ಹಗ್ಗ ಬಿಗಿ ಹಿಡಿದು, ಹೆದರಿದವಳ ಹಾಗೆ "ಬೇಡಿ ಮೇಸ್ತ್ರಿ, ಕೈ ಬಿಡಬೇಡಿ" ಎಂದು ಕೂಗುತ್ತಾಳೆ. ಅವನು ಎರಡೂ ಕೈ ಬಿಟ್ಟು, ಹಿಂದಕ್ಕೆ ವಾಲಿ, ಎದೆಯ ಮೇಲೆ ಕೈಕಟ್ಟಿ "ತಿಂಡಿ ಜಾಸ್ತಿಯಾಯ್ತು, ಸ್ವಲ್ಪ ಒರಗ್ತೀನಿ" ಎನ್ನುತ್ತಾನೆ. ಗಿರಾಕಿಗಳು ನಗುತ್ತಾರೆ, ಅವರ ಹೆದರಿಕೆ ಅರ್ಧ ಇಳಿಯುತ್ತದೆ. ಎಷ್ಟೋ ವರ್ಷಗಳಿಂದ ನಡೆದುಬಂದ ಆಟ. ಎಚ್ಚರಿಕೆಯ ಮಾತನ್ನೆಲ್ಲ ಅಪ್ಪ ಮಗಳು ಸೇರಿ ತಮಾಷೆಗೆ ಖರ್ಚು ಮಾಡಿಬಿಟ್ಟಿದ್ದರು. ಈಗ ಅವಳು ಕೈ ಬಿಡಬೇಡಿ ಎಂದರೆ ಅವನು ಕೈ ಬಿಡುತ್ತಾನೆ.

ಈಗಲೇ ನಿಜ ಹೇಳಿಬಿಡೋಣವೆಂದರೆ ಅವನ ಬೂಟಿನ ತುದಿಗೆ ಬೆರಳಗಲದ ಆಸರೆ. ಅಲ್ಲಿ ಗಾಬರಿಯಾಗಿ ಸೊಂಟ ನೋಡಿಕೊಳ್ಳಲು ಬಗ್ಗಿದರೆ ಮುಗಿಯಿತು. ಗೂಟ ಕೈಗೆ ಸಿಗುವ ತನಕ ಹೇಳುವಂತಿಲ್ಲ, ಸಿಕ್ಕ ಮೇಲೆ ತಡಮಾಡುವಂತಿಲ್ಲ. ಹಗ್ಗ ಎಳೆಯುವ ಮಾತಂತೂ ಇಲ್ಲವೇ ಇಲ್ಲ. ಗಂಟು ಜಗ್ಗದಿರಲೆಂದು ಅವಳು ಹಗ್ಗವನ್ನು ಬೇಕಾದ್ದಕ್ಕಿಂತ ಸಡಿಲ ಬಿಟ್ಟಳು.

"ಏನದು, ಹಗ್ಗ ಜೋಲಾಡ್ತಿದೆ?" ಮೇಸ್ತ್ರಿ ಮೇಲಿನಿಂದ ಗದರಿದ. "ನಿದ್ದೆ ಬಂತಾ?"

"ಇಲ್ಲ ಮೇಸ್ತ್ರಿ." ದನಿ ನಡುಗಲಿಲ್ಲ, ಅದೇ ಪುಣ್ಯ.

ತಪ್ಪು ನಡೆದದ್ದು ಇದೇ ಕಟ್ಟೆಯ ಮೇಲೆ, ಸ್ವಲ್ಪ ಹೊತ್ತಿನ ಹಿಂದೆ. ಅವನು ಗಂಟು ಹಾಕುತ್ತಿದ್ದಾಗ ಅವಳು, ಗಿರಾಕಿಗಳಿಗೆ ಕೇಳಿಸದ ಹಾಗೆ, ಹಲವು ದಿನಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ್ದಳು.

"ಮುಂದಿನ ಸಲದಿಂದ ನಾನು ಮುಂದೆ ಹತ್ತುತ್ತೀನಿ. ನೀವು ಹಿಂದೆ ಬನ್ನಿ."

ಮೇಸ್ತ್ರಿಯ ಬೆರಳು ನಿಂತಿತು. "ನನ್ನ ಕೈಗೇನು ಬಂದಿದೆ?"

"ನಡುಗುತ್ತೆ. ನಿನ್ನೆ ಟೀ ಲೋಟ ಹಿಡಿದಿದ್ದು ನೋಡಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಮುಂದೆ ಹತ್ತೋ ಆಸೆ ಇದ್ರೆ ಹಾಗಂತ ಹೇಳು. ನನ್ನ ಕೈ ಯಾಕೆ ಮಧ್ಯೆ ಎಳೀತೀಯ?"

ಮಾತು ಅಲ್ಲಿಗೆ ಮುರಿಯಿತು. ಅವನು ಜಾಕೆಟ್ಟಿನ ಜಿಪ್ಪನ್ನು ಸರ್ರನೆ ಎಳೆದುಕೊಂಡು ಬಂಡೆಯ ಕಡೆ ತಿರುಗಿದ. ಬೆರಳು ಎಲ್ಲಿ ನಿಂತಿತ್ತೋ ಗಂಟೂ ಅಲ್ಲಿಗೇ ನಿಂತಿತು. ಹತ್ತುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ಎಳೆದು ನೋಡಬೇಕು, ಇದು ಅವನೇ ಕಲಿಸಿದ ಪಾಠ. ಎಷ್ಟೇ ಸಿಟ್ಟಿದ್ದರೂ ಅವನು ಹಿಂದಿರುಗಿ ಬಂದು ಅವಳ ಗಂಟನ್ನು ಜಗ್ಗಿ ನೋಡಿಯೇ ಹೋದ. ಅವಳು ಮುಖ ತಿರುಗಿಸಿ ಹಿಮದ ಕಡೆ ನೋಡುತ್ತ ನಿಂತಳು. ಮೇಸ್ತ್ರಿಯ ಗಂಟನ್ನು ಮುಟ್ಟಲಿಲ್ಲ. ಅವನ ಗಂಟು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ, ಮುಟ್ಟಿ ನೋಡುವುದು ಬರೀ ಶಾಸ್ತ್ರವಾಗಿತ್ತು. ಆ ಶಾಸ್ತ್ರವನ್ನೂ ಅವಳು ಇವತ್ತೇ ಬಿಟ್ಟಿದ್ದಳು.

ಈಗ ಮೇಲೆ ಮೇಸ್ತ್ರಿಯ ಎಡಗೈ ಗೂಟವನ್ನು ಹಿಡಿಯಿತು. ಅದೇ ಉಸಿರಿನಲ್ಲಿ ಕೊಂಡಿ ಹಾಕಿದ. ಹಗ್ಗವನ್ನು ಮೇಲಕ್ಕೆಳೆದು ಅದರೊಳಗೆ ಸೇರಿಸಿದ. ಎಳೆದ ರಭಸಕ್ಕೆ ಗಂಟು ಇನ್ನಷ್ಟು ಜಾರಿತು. ಮೊಣಕಾಲಿನ ಹತ್ತಿರವಿದ್ದ ಕೆಂಪು ಟೇಪು ತೊಡೆಯವರೆಗೆ ಮೇಲೆ ಸರಿದದ್ದು ಅವಳಿಗೆ ಕಂಡಿತು.

"ಹಿಡ್ಕೋ," ಎಂದ.

ಅವಳು ಬಾಯಿ ತೆರೆಯುವ ಮೊದಲೇ ಡಾಕ್ಟರು, ಪಕ್ಕದ ಮನೆಯವರಿಂದ ಕಲಿತ ಪಾಠವನ್ನು ರಾಗವಾಗಿ ಒಪ್ಪಿಸಿದರು. "ಬೇಡಿ ಮೇಸ್ತ್ರಿ, ಕೈ ಬಿಡಬೇಡಿ."

ಮೇಲೆ ಅವನು ನಕ್ಕದ್ದು ಕೇಳಿಸಿತು. ಬಲಗೈ ಬಂಡೆಯನ್ನು ಬಿಟ್ಟಿತು. ಬೆನ್ನು ಹಿಂದಕ್ಕೆ ವಾಲತೊಡಗಿತು.

"ಅಪ್ಪ."

ಅವಳು ಕಿರುಚಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವಾಗ ಮನೆಯವರನ್ನು ಕೂಗುವ ಹಾಗೆ ಕೂಗಿದಳು. ಬೆಟ್ಟದಲ್ಲಿ ಆ ಪದಕ್ಕೆ ಜಾಗವಿರಲಿಲ್ಲ. ಹಗ್ಗ ಕಟ್ಟಿದ ಮೇಲೆ ಅಪ್ಪ ಇಲ್ಲ, ಮಗಳಿಲ್ಲ, ಮೊದಲನೆಯವರು ಎರಡನೆಯವರು ಅಷ್ಟೇ ಎಂದು ಅವನು ಶುರುವಿನಲ್ಲೇ ಹೇಳಿದ್ದ. ಬಾಯಿತಪ್ಪಿ ಕರೆದ ದಿನಗಳಲ್ಲಿ ಕೆಳಗಿಳಿದ ಮೇಲೆ ಬೈಗುಳ ತಿಂದು ತಿಂದು ಅವಳ ನಾಲಿಗೆ ಅದನ್ನು ಬಿಟ್ಟೇಬಿಟ್ಟಿತ್ತು.

ಬೆನ್ನು ವಾಲುವುದು ನಿಂತಿತು.

"ಅಪ್ಪ, ಎಡಗೈ ಗೂಟದ ಮೇಲೇ ಇರಲಿ. ನಿನ್ನ ಗಂಟು ಅರ್ಧ ಇದೆ."

ಅವನು ಬಲಗೈಯನ್ನು ಮೆಲ್ಲಗೆ ಬಂಡೆಗೆ ವಾಪಸು ತಂದ. ಆಮೇಲೆ ಗದ್ದವನ್ನು ಎದೆಗೆ ಒತ್ತಿ ಸೊಂಟ ನೋಡಿಕೊಂಡ.

"ಏನಾಯ್ತು?" ಡಾಕ್ಟರು ಕೇಳಿದರು. "ಆಟ ಇಲ್ವಾ?"

"ಸ್ವಲ್ಪ ಬಾಯಿ ಮುಚ್ಕೊಂಡಿರಿ ಡಾಕ್ಟ್ರೇ," ಎಂದಳು. ಗಿರಾಕಿಗಳ ಜೊತೆ ಅವಳು ಹಾಗೆ ಮಾತಾಡಿದವಳೇ ಅಲ್ಲ. ಭಾಮೈದ ಮೇಲೆ ನೋಡಿದ, ಅವಳ ಮುಖ ನೋಡಿದ, ಡಾಕ್ಟರ ಕೈಯಿಂದ ಫೋನನ್ನು ತೆಗೆದುಕೊಂಡ.

ಬೆಲ್ಟಿಗೆ ಒಂದು ಗಿಡ್ಡ ಹಗ್ಗ, ಅದರ ತುದಿಗೆ ಇನ್ನೊಂದು ಕೊಂಡಿ ಇರುತ್ತದೆ. ಅದನ್ನು ಗೂಟಕ್ಕೆ ಸಿಕ್ಕಿಸಿಬಿಟ್ಟರೆ ಆಮೇಲೆ ಗಂಟು ಕಟ್ಟಿಕೊಳ್ಳಬಹುದು. ಮೇಸ್ತ್ರಿ ಬಲಗೈಯಲ್ಲಿ ಅದನ್ನು ಬಿಡಿಸಿ ಮೇಲಕ್ಕೆ ತಂದ. ಕೊಂಡಿ ಗೂಟಕ್ಕೆ ತಾಗಿ ಟಣ್ ಎಂದಿತು, ಒಳಗೆ ಹೋಗಲಿಲ್ಲ. ಮತ್ತೆ ತಾಗಿತು. ಬೆರಳು ನಡುಗುತ್ತಿದ್ದುದು ಕೆಳಗಿನಿಂದಲೂ ಕಾಣುತ್ತಿತ್ತು. ಜಗತ್ತಿನಲ್ಲಿ ತಾನು ಆಡಿದ ಮಾತೊಂದು ಸುಳ್ಳಾಗಲಿ ಎಂದು ಅವಳು ಅಷ್ಟು ಆಸೆಪಟ್ಟದ್ದು ಅದೇ ಮೊದಲು.

"ನಿಧಾನ ಅಪ್ಪ. ಅವಸರ ಏನಿಲ್ಲ."

"ಗೊತ್ತು, ಸುಮ್ನಿರು."

ಅವನ ಎಡಗಾಲು ಅದುರತೊಡಗಿತು, ಹೊಲಿಗೆ ಯಂತ್ರದ ಸೂಜಿಯ ಹಾಗೆ. ಅವನು ಹಿಮ್ಮಡಿಯನ್ನು ಕೆಳಗೆ ಒತ್ತಿ ಅದನ್ನು ನಿಲ್ಲಿಸಿದ, ಹಣೆಯನ್ನು ಬಂಡೆಗೆ ಆನಿಸಿ ಒಂದು ಉಸಿರು ಎಳೆದುಕೊಂಡ, ಕೊಂಡಿಯನ್ನು ಮತ್ತೊಮ್ಮೆ ಎತ್ತಿದ. ಕಟ್ ಎಂದು ಕೊಂಡಿ ಗೂಟಕ್ಕೆ ಕೂತಿತು.

ಆಗ ಅವಳಿಗೆ ಅಳು ಬಂತು. ಎರಡು ಕೈಗಳೂ ಹಗ್ಗದ ಮೇಲಿದ್ದುದರಿಂದ ಒರೆಸಿಕೊಳ್ಳಲಿಲ್ಲ.

ಮೇಸ್ತ್ರಿ ಗಂಟು ಬಿಚ್ಚಿ ಮೊದಲಿನಿಂದ ಕಟ್ಟಿದ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದ. ಕೈ ಬಿಡಲಿಲ್ಲ, ಒರಗಲಿಲ್ಲ, ತಿಂಡಿಯ ಮಾತು ಆಡಲಿಲ್ಲ. ಬಂಡೆಯ ಉಳಿದರ್ಧವನ್ನು ಹತ್ತಿ, ಮೇಲಿನ ಕಟ್ಟೆ ಸೇರಿ, ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡ. ಕೊನೆಗೆ ಅವಳು ಹತ್ತಿ ಬಂದಾಗ ಅವನು ಮುಂದಿನ ಬಂಡೆಯನ್ನು ನೋಡುತ್ತ ನಿಂತಿದ್ದ. ಡಾಕ್ಟರು ಭಾಮೈದನ ಪಕ್ಕ ಮೆತ್ತಗೆ ಕೂತಿದ್ದರು. ಅವರಿಗೆ ವಿಷಯ ಭಾಮೈದನೇ ಹೇಳಿರಬೇಕು.

"ನಾನು ಕೆಳಗೆ ಆ ಮಾತು ತೆಗೀಬಾರದಿತ್ತು," ಎಂದಳು. "ನೀವು ಗಂಟು ಹಾಕ್ತಿದ್ರಿ."

"ಮಾತು ನೀನು ತೆಗೆದೆ. ಗಂಟು ಬಿಟ್ಟಿದ್ದು ನಾನು."

ಅವನು ತನ್ನ ಸೊಂಟದ ಗಂಟನ್ನು ಬಿಚ್ಚಿ, ಹಗ್ಗದ ಆ ತುದಿಯನ್ನು ಅವಳ ಕಡೆ ಚಾಚಿದ. ಮುಂದೆ ಹತ್ತುವವರ ತುದಿ, ಕೆಂಪು ಟೇಪಿನದು. ಕೆಳಗಿನ ಕಟ್ಟೆಯ ಮೇಲೆ ಅವಳು ಕೇಳಿದ್ದು ಇದನ್ನೇ. ಈಗ ತೆಗೆದುಕೊಳ್ಳಲು ಕೈ ಬರಲಿಲ್ಲ.

"ಮುಂದಿನ ಸಲದಿಂದ ಅಂದಿದ್ದೆ," ಎಂದಳು.

"ತಗೋ. ಬಿಸಿಲೇರಿದ್ರೆ ಮೇಲಿನ ಹಿಮ ಸಡಿಲ ಆಗುತ್ತೆ."

ಅವಳು ಕಟ್ಟಿಕೊಂಡಳು. ಅವನು ಇನ್ನೊಂದು ತುದಿಯನ್ನು ತನಗೆ ಕಟ್ಟಿಕೊಂಡ, ನಿಧಾನವಾಗಿ, ಯಾರೊಂದಿಗೂ ಮಾತಾಡದೆ. ಮುಗಿದ ಮೇಲೆ ಗಿರಾಕಿಗಳ ಎದುರಿಗೇ ಜಾಕೆಟ್ಟು ಎತ್ತಿ ಹಿಡಿದು ಅವಳ ಮುಂದೆ ನಿಂತ, ಅಂಗಿಯ ಗುಂಡಿ ಹಾಕಿಸಿಕೊಳ್ಳಲು ನಿಂತ ಮಗುವಿನ ಹಾಗೆ. ಅವಳು ಗಂಟಿನ ಒಂದೊಂದು ಎಳೆಯನ್ನೂ ಬೆರಳಿನಿಂದ ಮುಟ್ಟಿ, ಜಗ್ಗಿ ನೋಡಿದಳು.

"ಸರಿ ಇದೆಯಾ?"

"ಇದೆ ಅಪ್ಪ."

ಅವನು ತಿದ್ದಲಿಲ್ಲ. ಅವಳ ಗಂಟನ್ನು ಒಮ್ಮೆ ಜಗ್ಗಿ ನೋಡಿ, ಹಗ್ಗ ಹಿಡಿದು ಕೂತ.

ಅವಳು ಬಂಡೆಗೆ ಕೈ ಹಚ್ಚಿದಳು. ಈ ಗೋಡೆಯನ್ನು ಮೊದಲಿಗಳಾಗಿ ಹತ್ತುವುದು ಇದೇ ಮೊದಲು; ಮೇಲೆ ಆಕಾಶ ಬಿಟ್ಟರೆ ಇನ್ನೇನೂ ಇರಲಿಲ್ಲ. ಕೆಳಗೆ ನೋಡಲಿಲ್ಲ. ಪ್ರತಿ ಸಲ ಕೈ ಚಾಚಿದಾಗಲೂ, ಕೇಳುವ ಮೊದಲೇ, ಬೇಕಾದಷ್ಟೇ ಹಗ್ಗ ಕೆಳಗಿನಿಂದ ಬರುತ್ತಿತ್ತು. ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ.