ಏಕಾಂತಯ್ಯನ ವಿಷಲ್

ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ಏಕಾಂತಯ್ಯನ ಹೋಟೆಲು. ಒಳಗೆ ಮೂರು ಮೇಜು, ಹೊರಗೆ ಫುಟ್‌ಪಾತಿನ ಮೇಲೆ ಒಂದು ಬೆಂಚು. ವ್ಯಾಪಾರವೆಲ್ಲ ಆ ಬೆಂಚಿನದೇ. ಹುಲಿಯೂರುದುರ್ಗದ ಕಡೆಯವರು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು, ಇಡ್ಲಿಗೆ ಓಡಿ ಬರುತ್ತಿದ್ದರು. ಕೈ ಇಡ್ಲಿಯ ಮೇಲೆ, ಕಣ್ಣು ಟವೆಲಿನ ಮೇಲೆ. ಒಳಗೆ ಕೂತರೆ ಬಸ್ಸು ಕಾಣದು. ಕಾಣದಿದ್ದರೆ ತುತ್ತು ಇಳಿಯದು.

ಎಪ್ಪತ್ತೆಂಟನೇ ಇಸವಿಯಲ್ಲಿ ಪುರಸಭೆಗೆ ಹೊಸದಾಗಿ ಬಂದ ಹೆಲ್ತ್ ಇನ್ಸ್‌ಪೆಕ್ಟರ್ ಪರಮಶಿವಯ್ಯನವರು, ಪರ್ಮಿಷನ್ ಇಲ್ಲದೆ ಫುಟ್‌ಪಾತಿನಲ್ಲಿ ತಿಂಡಿ ಕೊಡಕೂಡದೆಂದು ಬೆಂಚನ್ನು ಒಳಗೆ ಹಾಕಿಸಿದರು. ಅರ್ಜಿ ಕೊಟ್ಟರೆ ನೋಡೋಣವೆಂದರು. ಏಕಾಂತಯ್ಯ ಕೊಟ್ಟ. ಅವರು ನೋಡುತ್ತಲೇ ಇದ್ದರು. ಗಿರಾಕಿಗಳು ಬಸ್ ಸ್ಟ್ಯಾಂಡಿನೊಳಗಿನ ಕಡಲೆಕಾಯಿ ಗಾಡಿಯತ್ತ ತಿರುಗಿಕೊಂಡರು. ಮಿಕ್ಕ ಹಿಟ್ಟು ಹುಳಿಯಾಯಿತು, ಹೆಂಡತಿ ಕಲ್ಲಮ್ಮನ ಮುಖವೂ. ಹೀಗೇ ಆದರೆ ಹೋಟೆಲು ಮುಚ್ಚಬೇಕು. ಏಕಾಂತಯ್ಯ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಒಂದು ಸಂಜೆ ಪರಮಶಿವಯ್ಯನವರೇ ಹುಲಿಯೂರುದುರ್ಗದ ಬಸ್ಸಿಗೆ ಟವೆಲ್ ಎಸೆದು, ಒಳಗೆ ಬಂದು ಅದೇ ಬೆಂಚಿನ ಮೇಲೆ ಕೂತು ಇಡ್ಲಿ ಹೇಳಿದರು. ಊರಿನ ಕಂಡಕ್ಟರುಗಳೆಲ್ಲ ಏಕಾಂತಯ್ಯನ ಗಂಟಲಲ್ಲೇ ವಾಸ. ಅಡುಗೆಮನೆಗೆ ನುಸುಳಿ, ಬಾಯಿಗೆ ಎರಡು ಬೆರಳಿಟ್ಟು ವಿಷಲ್ ಊದಿ, "ರೈಟ್, ರೈಟ್" ಎಂದು ಮೂಗಿನಲ್ಲಿ ಎಳೆದ. ಇನ್ಸ್‌ಪೆಕ್ಟರು ತಟ್ಟೆ ಹಿಡಿದೇ ಫುಟ್‌ಪಾತಿಗೆ ಹಾರಿದರು. ಬಸ್ಸು ಅಲ್ಲೇ ಇತ್ತು. ಬಂದು ಕೂತರು. ಮತ್ತೆ ವಿಷಲ್, ಮತ್ತೆ ಓಟ. ಈ ಸಲ ಕಲ್ಲಮ್ಮ ನಕ್ಕುಬಿಟ್ಟಳು.

"ಗೊತ್ತಾಯ್ತು ಕಣಯ್ಯ ನಿನ್ನ ಆಟ" ಎಂದು ಪರಮಶಿವಯ್ಯ ಕಾಲು ಚಾಚಿ ಕೂತರು.

ಮೂರನೆಯ ವಿಷಲ್ಲಿಗೆ ಏಕಾಂತಯ್ಯ ಗಾಬರಿಯಿಂದ ಅಡುಗೆಮನೆಯಿಂದ ಓಡಿ ಬಂದ. "ಸಾರ್, ಇದು ನಂದಲ್ಲ."

"ಊದು, ಊದು. ಇನ್ನೆರಡು ಇಡ್ಲಿ ತಾ."

ಇಡ್ಲಿ ಬರುವಷ್ಟರಲ್ಲಿ ಬಸ್ಸು ಟವೆಲ್ ಸಮೇತ ಕೆರೆ ಏರಿ ದಾಟಿತ್ತು.

ಮುಂದಿನ ಬಸ್ಸು ಯಾವಾಗಲೋ. ಇನ್ಸ್‌ಪೆಕ್ಟರು ಒಳಗೆ ಕೂತರು, ಎದ್ದರು, ಬಾಗಿಲಿಗೆ ಬಂದು ಇಣುಕಿದರು, ಮತ್ತೆ ಕೂತರು. ಕಾಫಿ ಆರಿಹೋಯಿತು. ಕೊನೆಗೆ, "ಆ ಬೆಂಚು ಈಚೆ ಹಾಕಯ್ಯ, ಬಸ್ಸೇ ಕಾಣಲ್ಲ" ಎಂದರು.

ಹೊರಗೆ ಕೂತ ಮೇಲೆ ಕಾಫಿ ಇಳಿಯಿತು. ಮುಂದೆ ಹಾದುಹೋಗುವವರನ್ನು ಅವರು ಬಹಳ ಹೊತ್ತು ನೋಡಿದರು.

"ಗೋಡೆಗೆ ಒತ್ತಿ ಇಟ್ಕೊ. ನಡೆಯೋರಿಗೆ ಜಾಗ ಬಿಡ್ಬೇಕು. ನಾಳೆ ಬಾ, ಪರ್ಮಿಷನ್ ಬರ್ಕೊಡ್ತೀನಿ. ಆದ್ರೆ ಇನ್ನೊಂದ್ಸಲ ನಿನ್ನ ಬಾಯಲ್ಲಿ ವಿಷಲ್ ಕೇಳುಸ್ತೋ, ಬೆಂಚು ಒಳಕ್ಕೆ."

ಏಕಾಂತಯ್ಯ ತಲೆಯಾಡಿಸಿದ. ಅಷ್ಟರಲ್ಲಿ ಬಸ್ಸು ಬಂತು, ಕಿಟಕಿಗಳಿಗೆ ಟವೆಲುಗಳು ಹಾರಿದವು, ಬೆಂಚು ತುಂಬಿತು. ಅವನ ಎರಡು ಬೆರಳು ತಾವಾಗಿಯೇ ಮೇಲೆದ್ದವು. ಕಲ್ಲಮ್ಮ ಆ ಕೈಗೆ ಚಟ್ನಿ ಸೌಟು ತುರುಕಿದಳು.

"ಹಿಡ್ಕೊ. ಕೈ ಖಾಲಿ ಇದ್ರೆ ಬಾಯ್ಗೇ ಹೋಯ್ತದೆ."