ಹತ್ತು ಹೆಜ್ಜೆ ದೂರದ ಮುಖ

ನನ್ನ ಸೋದರತ್ತೆಯ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿಯಲ್ಲಿ ಫೋಟೋ ಅಂದರೆ ಚುಕ್ಕೆಗಳು. ಒಂದೇ ಬಣ್ಣದ ಇಂಕಿನಲ್ಲಿ ಕೆನ್ನೆಯ ನೆರಳನ್ನು ತರಲು ಬೇರೆ ದಾರಿಯಿಲ್ಲ. ನೆರಳಿರುವಲ್ಲಿ ದಪ್ಪ ಚುಕ್ಕೆ, ಬೆಳಕಿರುವಲ್ಲಿ ಸಣ್ಣ ಚುಕ್ಕೆ. ಪದವಿ ಮುಗಿಸಿ ಎರಡು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಹೆಚ್ಚು ಮಾತಾಡಬೇಕಾಗಿಲ್ಲ ಎಂಬುದೇ ಈ ಕೆಲಸದಲ್ಲಿ ನನಗಿಷ್ಟ.

ಬಸ್ ಡ್ರೈವರ್ ಒಬ್ಬರು ಮಾದರಿ ಟೀ ಶರ್ಟ್ ನೋಡಲು ಬಂದಾಗ ಓಟಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಕೊಡಿಸುವ ಸಲುವಾಗಿ ನಡೆಯುವ ಓಟ. ಅಂಥ ಯಂತ್ರದ ಸರದಿಗೆ ಕಾದು ತೀರಿಕೊಂಡವಳು ಅವರ ಮಗಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಹದಿನೆಂಟು ಮಂದಿ ಅವಳ ಮುಖವನ್ನು ಬೆನ್ನ ಮೇಲೆ ಹೊತ್ತು ಓಡಲಿದ್ದರು.

ಅವರು ಶರ್ಟನ್ನು ಕಣ್ಣಿನ ಹತ್ತಿರಕ್ಕೆ ತಂದು ತುಂಬ ಹೊತ್ತು ನೋಡಿದರು.

“ಎಲ್ಲಿದ್ದಾಳಮ್ಮಾ ಇದ್ರಲ್ಲಿ ನನ್ನ ಮಗಳು? ಸಾಸಿವೆ ಚೆಲ್ಲಿದ ಹಾಗಿದೆ.”

ಉತ್ತರ ನನಗೆ ಗೊತ್ತಿತ್ತು.

“ಅಣ್ಣಾ, ಇದು ಕೈಯಲ್ಲಿ ಹಿಡ್ಕೊಂಡು ನೋಡೋದಲ್ಲ. ಹೊರಗೆ ಬನ್ನಿ,” ಎಂದಳು ಅತ್ತೆ. ನನ್ನ ಕಡೆ ತಿರುಗಿ, “ನೀನೇನೇ, ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೀಯ? ಹೋಗಿ ಎದುರಿಗೆ ನೇತುಹಾಕು.”

ಎದುರಿನ ಸೈಕಲ್ ಅಂಗಡಿಯ ಕೊಕ್ಕೆಗೆ ಶರ್ಟನ್ನು ಸಿಕ್ಕಿಸಿ ಬಂದೆ. ಬೀದಿಯ ಈಚೆಯಿಂದ ನೋಡಿದರೆ ಚುಕ್ಕೆಗಳೆಲ್ಲ ಒಂದಕ್ಕೊಂದು ಸೇರಿಕೊಂಡಿದ್ದವು. ಕೊಂಚ ಸೊಟ್ಟಗಿದ್ದ ಮುಂದಿನ ಹಲ್ಲು ಕೂಡ ಕಾಣುತ್ತಿತ್ತು.

“ಹೌದು. ಇವಳೇ,” ಎಂದರು ಅವರು. ಆಮೇಲೆ, “ಬೆನ್ನ ಮೇಲೆ ಯಾಕೆ?”

“ಎದೆ ಮೇಲೆ ಓಟದ ನಂಬರು ಬರುತ್ತಲ್ಲಣ್ಣ. ಎಲ್ರೂ ಹಿಂದೇನೇ ಹಾಕಿಸೋದು.”

“ಓಟ ಮುಗಿಯೋ ಜಾಗದಲ್ಲಿ ನಾನು ನಿಂತಿರ್ತೀನಿ. ಅವರು ನನ್ನ ಕಡೆ ಓಡಿ ಬರೋವಾಗ ಇವಳು ಕಾಣಲ್ಲ. ದಾಟಿ ಹೋದ್ಮೇಲೆ ಕಾಣ್ತಾಳೆ, ದೂರ ಹೋಗ್ತಾ.” ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. “ಅವತ್ತು ಆಸ್ಪತ್ರೇಲೂ ಒಳಗೆ ಕರ್ಕೊಂಡು ಹೋಗೋದನ್ನೇ ನೋಡಿದ್ದು. ಒಂದ್ಸಲ ಬರೋದನ್ನ ನೋಡ್ಬೇಕು ಅಂತ. ಅಷ್ಟೇ.”

ಯಾವ ಗಿರಾಕಿಗೂ ಮಾತಲ್ಲಿ ಸೋಲದ ಅತ್ತೆ ಕೈಯಲ್ಲಿದ್ದ, ಬಣ್ಣ ಎಳೆಯುವ ರಬ್ಬರ್ ಪಟ್ಟಿಯ ಅಂಚಿನ ಇಂಕನ್ನು ಉಗುರಿನಿಂದ ಕೆರೆಯತೊಡಗಿದಳು. ಮೌನ ಎಲ್ಲ ಕಡೆಯೂ ಒಂದೇ ಎಂದು ಆವರೆಗೆ ಅಂದುಕೊಂಡಿದ್ದೆ. ಇದರೊಳಗೆ ನಿಲ್ಲುವುದು ನನ್ನಿಂದಾಗಲಿಲ್ಲ.

“ನಂಬರು ಹೊಟ್ಟೆ ಮೇಲೆ ಪಿನ್ ಮಾಡ್ಕೊಳ್ಲಿ,” ಎಂದೆ.

“ಅಬ್ಬ, ಮುತ್ತು ಉದುರ್ತು!” ಎಂದ ಅತ್ತೆ ಆಗಲೇ ಶರ್ಟ್ ತರಲು ಬೀದಿ ದಾಟುತ್ತಿದ್ದಳು.

ಅದೇ ಶರ್ಟನ್ನು ತಿರುವಿ ಹಲಗೆಗೆ ಏರಿಸಿದೆವು. ಕತ್ತಿನಿಂದ ನಾಲ್ಕು ಬೆರಳು ಕೆಳಗೆ ಅವಳ ಮುಖದ ಅಚ್ಚಿರುವ ಸ್ಕ್ರೀನ್ ಇಟ್ಟು, ಅತ್ತೆ ಒಂದೇ ಸಲ ಇಂಕು ಎಳೆದಳು. ನಾನು ಬಿಸಿಗಾಳಿ ಹಿಡಿದು ಒಣಗಿಸಿದೆ.

“ಹಾಕ್ಕೋ. ಬೀದಿ ತುದಿಯಿಂದ ನಡೆದು ಬಾ.”

ತುದಿಯಿಂದ ಹೊರಟೆ. ಬಟ್ಟೆ ಇನ್ನೂ ಬೆಚ್ಚಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಅವರು ನಿಂತಿದ್ದರು. ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಎದೆಯ ಮೇಲಿದ್ದವಳು ನನಗೆ ಕಾಣುತ್ತಿರಲಿಲ್ಲ. ಅವಳು ಹತ್ತಿರವಾಗುತ್ತಿರುವುದು ಅವರ ಮುಖದಲ್ಲಷ್ಟೇ ತಿಳಿಯುತ್ತಿತ್ತು.

ಹತ್ತು ಹೆಜ್ಜೆ ಇರುವಾಗ, ಗಾಡಿ ನಿಲ್ಲಿಸುವವರ ಹಾಗೆ ಅಂಗೈ ಎತ್ತಿದರು.

“ಅಲ್ಲೇ ನಿಲ್ಲಮ್ಮ. ಇನ್ನೂ ಹತ್ತಿರ ಬಂದ್ರೆ ಚುಕ್ಕೆ ಆಗಿಬಿಡ್ತಾಳೆ.”

ಹಿಂದೆ ಯಾರೋ ಸೈಕಲ್ ಗಂಟೆ ಬಾರಿಸಿದರು. ಸುತ್ತಿಕೊಂಡು ಹೋಗಿ ಎಂದು ಅತ್ತೆ ಕೈ ಮಾಡಿದಳು. ನಾನು ಕದಲಲಿಲ್ಲ.