ಘೋಡಗೇರಿ ದಾರಿಯಲ್ಲಿ ಆಮ್ರಪಾಲಿ

ಯಾರೂ ಮುಂದೆ ಬರಲಿಲ್ಲವೆಂದು ಆಮ್ರಪಾಲಿ ತಾನೇ ಎದ್ದು ನಿಂತಳು. ಗೋಕಾಕದ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಕಲಿಯುತ್ತಿದ್ದ ಅವಳಿಗೆ ಅವತ್ತು ಮೂತ್ರ ಪರೀಕ್ಷೆಯ ಪಾಠ. ಗಜಾನನ ಸರ್ ಆಸ್ಪತ್ರೆಯಿಂದ ಒಬ್ಬ ರೋಗಿಯ ಮಾದರಿ ತಂದಿದ್ದರು. ಪಕ್ಕದಲ್ಲಿಟ್ಟು ತೋರಿಸಲು ಆರೋಗ್ಯವಂತರದೊಂದು ಬೇಕು ಎಂದಾಗ ಹುಡುಗರು ಕಿಸಕ್ಕನೆ ನಕ್ಕರು, ಹುಡುಗಿಯರು ತಲೆ ತಗ್ಗಿಸಿದರು.

“ನಾಳೆ ಇದ ಕೆಲಸ ಮಾಡಾವ್ರು ನಾವು, ಇದಕ್ಕೆಂಥಾ ನಾಚಿಕಿ? ನಾ ಕೊಡ್ತೀನ್ರಿ ಸರ್,” ಎಂದಳು.

ಸರ್ ಎರಡೂ ಗಾಜಿನ ನಳಿಗೆಗಳನ್ನು ಸ್ಪಿರಿಟ್ ದೀಪದ ಮೇಲೆ ಕಾಸಿ, ಹನಿ ಆ್ಯಸಿಡ್ ಬಿಟ್ಟರು. ರೋಗಿಯದು ಅಕ್ಕಿ ತೊಳೆದ ನೀರಿನಂತೆ ಮಸುಕಾಯಿತು, ಪ್ರೋಟೀನ್ ಸೋರುವ ಮೂತ್ರ ಹಾಗೆ ಆಗಬೇಕಾದದ್ದೇ. ಆಮ್ರಪಾಲಿಯದೂ ಮಸುಕಾಯಿತು. ನಳಿಗೆ ಅದಲುಬದಲಾಗಿರಬೇಕು ಎಂದುಕೊಂಡ ಸರ್ ಹೊಸ ನಳಿಗೆ ತೊಳೆದು ಮತ್ತೆ ಕಾಸಿದರು. ಮತ್ತೆ ಅದೇ. ಸರ್ ದೀಪ ಆರಿಸಿ, “ಜ್ವರ ಇದ್ರೂ ಒಮ್ಮೊಮ್ಮೆ ಹಿಂಗ ಬರ್ತೈತಿ,” ಎಂದು ಪಾಠ ಮುಂದುವರಿಸಿದರು. ತರಗತಿ ಮುಗಿದ ಮೇಲೆ ಮಾತ್ರ ಅವಳನ್ನು ನಿಲ್ಲಿಸಿಕೊಂಡು, “ಹೆದರಬ್ಯಾಡ. ಆದ್ರ ಬಿಡಲೂಬ್ಯಾಡ. ಡಾಕ್ಟರ್‌ಗೆ ತೋರ್ಸು,” ಎಂದರು.

ಅವಳಿಗೆ ಜ್ವರವಿರಲಿಲ್ಲ. ನೆಗಡಿಯೂ ಬರದ ಗಟ್ಟಿ ಜೀವ ಎಂದೇ ಮನೆಯಲ್ಲಿ ಅವಳ ಹೆಸರು. ಹೈಸ್ಕೂಲಿನಿಂದಲೂ ಮೈ ಬೆಳೆಯುತ್ತಲೇ ಬಂದಿತ್ತು. ಪ್ರತಿ ವರ್ಷ ಹೊಸ ಅಳತೆಯ ಚೂಡಿದಾರ. “ಮೈ ಕೈ ತುಂಬಿಕೊಂಡಾಳ” ಎಂದು ಓಣಿಯವರು ಮೆಚ್ಚಿ ಹೇಳುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗೆಳತಿ ಸುಮನ್ ಜೊತೆಗೆ ಬಂದಳು. ಡಾಕ್ಟರ್ ರಾಧಿಕಾ ಮೇಡಂ ಬಿಪಿ ನೋಡಿ, ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ರಕ್ತ, ಸ್ಕ್ಯಾನು, ಮರುವಾರ ಮತ್ತೊಮ್ಮೆ ಮೂತ್ರ, ಎಲ್ಲ ಆದ ಮೇಲೆ ಕರೆದು ಹೇಳಿದರು.

“ಬ್ಯಾರೆ ರೋಗ ಏನೂ ಕಾಣಂಗಿಲ್ಲ. ನಿನ್ನ ಕಿಡ್ನಿ ಒಂದ ಮೈಗೆ ಸಾಕಾಗೂವಷ್ಟ ಅದಾವು. ನೀ ಅವುಕ್ಕ ಒಂದೂವರಿ ಮೈಯಿನ ಕೆಲಸ ಹಚ್ಚೀದಿ. ಅವು ಪಾಪ, ಮೀರಿ ದುಡಿಯಾಕತ್ತಾವು. ಜರಡಿ ಸಡ್ಲ ಆಗಿ ಪ್ರೋಟೀನ್ ಸೋರಾಕತ್ತೈತಿ. ಮ್ಯಾಲೆ ಬಿಪಿ ಬ್ಯಾರೆ.”

“ಕೆಟ್ಟಾವೇನ್ರಿ?”

“ಇನ್ನೂ ಕೆಟ್ಟಿಲ್ಲ, ದಣದಾವು. ಹಿಂಗ ಬಿಟ್ರ ನಿನಗ ಮೂವತ್ತ, ಮೂವತ್ತೈದ ಆಗೂದ್ರಾಗ ಕೆಟ್ಟ ಹೋಗಬಹುದು. ಭಾರ ಇಳಿಸಿದ್ರ ಸುಧಾರಿಸ್ತಾವು. ಗುಳಿಗಿ ನಾ ಕೊಡ್ತೀನಿ, ಅರ್ಧಾ ಕೆಲಸ ಅದು ಮಾಡ್ತೈತಿ. ಉಳದದ್ದು ನಿಂದು.”

ಹೊರಗೆ ಬಂದ ಮೇಲೆ ಸುಮನ್ ಸಮಾಧಾನ ಹೇಳಲು ಬಾಯಿ ತೆರೆದಳು. ಆಮ್ರಪಾಲಿ ತಡೆದಳು. “ಅಳೂದಿಲ್ಲ ಬಿಡ. ಇವತ್ತಿಂದ ಏನ್ ಬಿಡಬೇಕು, ಅದನ್ನ ವಿಚಾರ ಮಾಡಾಕತ್ತೇನಿ.”

ಬಿಡಬೇಕಾದದ್ದರಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಅವಳ ಅಪ್ಪನ ಕೈಯಲ್ಲಿತ್ತು.

ಅಪ್ಪ ಯಲ್ಲಾರಿ ಗೋಕಾಕ–ಹುಕ್ಕೇರಿ ಬಸ್ಸಿನ ಡ್ರೈವರ್. ಧುಪದಾಳದಲ್ಲಿ ಕೂಲಿಯವರ ಮನೆಯಲ್ಲಿ ಹುಟ್ಟಿ, ಕಂಡವರ ಹೊಲದಲ್ಲಿ ಕಬ್ಬಿನ ಒಣಸೋಗೆಯ ರವದಿ ಹೊತ್ತು ಬೆಳೆದವನು. ಎಷ್ಟೋ ರಾತ್ರಿ ಅವನವ್ವ ಖಾಲಿ ಒಲೆಯ ಮೇಲೆ ನೀರು ಕಾಯಲು ಇಟ್ಟು, ಅಡುಗೆ ಆಗುತ್ತಿದೆ ಎಂದು ನಂಬಿಸಿ ಮಕ್ಕಳನ್ನು ಮಲಗಿಸಿದ್ದಳಂತೆ. ಕೆಲಸ ಸಿಕ್ಕ ಮೇಲೆ ಅವನೊಂದು ಹಟ ಹಿಡಿದ: ತನ್ನ ಮಕ್ಕಳು ಹಸಿವು ಎಂಬ ಮಾತನ್ನೇ ಆಡಬಾರದು. ದಿನಾ ಸಂಜೆ ಖಾಕಿ ಅಂಗಿ ಬಿಚ್ಚುವ ಮೊದಲೇ ಕೈಚೀಲದಿಂದ ಪೊಟ್ಟಣ ತೆಗೆಯುತ್ತಿದ್ದ. ಬಿಸಿ ಮಿರ್ಚಿ ಭಜಿ, ವಡಾಪಾವ್, ಚಿಪ್ಸು, ತಂಪಿನ ಬಾಟಲಿ. ಆಮ್ರಪಾಲಿ ಮತ್ತು ಅವಳ ತಮ್ಮ ಶುಭಮ್ ತಿನ್ನುವುದನ್ನು ಎದುರು ಕೂತು ನೋಡುವುದೇ ಅವನಿಗೆ ಊಟದಷ್ಟು ತೃಪ್ತಿ.

ಆ ಸಂಜೆ ಅವಳು ಪೊಟ್ಟಣ ಬಿಚ್ಚಲಿಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವ್ವ ರಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಮಾತ್ರ ನಕ್ಕುಬಿಟ್ಟ.

“ನೋವ ಐತೇನು?”

“ಇಲ್ಲ.”

“ಬಾವು? ಜ್ವರಾ?”

“ಇಲ್ಲಪ್ಪಾ. ಆದ್ರ...”

“ಏನೂ ಇಲ್ಲದಾಕಿಗೆ ಎಂಥಾ ರೋಗ? ನನ್ನ ಮಕ್ಕಳು ಹೊಟ್ಟಿ ತುಂಬ ಉಂಡದ್ದು ಡಾಕ್ಟರ್ ಕಣ್ಣಿಗಿ ರೋಗ ಕಂಡೈತಿ. ಹಸದ ನೋಡಿದ್ರ ಗೊತ್ತಾಗ್ತಿತ್ತು ಅವ್ರಿಗೆ.” ಎದ್ದು ಹೊರಗೆ ಹೋದ. ಪೊಟ್ಟಣ ಶುಭಮ್‌ನ ಪಾಲಾಯಿತು.

ಮರುದಿನವೂ ಪೊಟ್ಟಣ ಬಂತು, ಅದರ ಮರುದಿನವೂ. ಅವಳು ಮುಟ್ಟಲಿಲ್ಲ. ಮುಟ್ಟಲಿಲ್ಲ ಎನ್ನುವುದು ಸುಲಭ. ಎಣ್ಣೆಯಲ್ಲಿ ಕರಿದ ಆ ವಾಸನೆಗೆ ಅವಳ ಬಾಯಲ್ಲಿ ನೀರೂರುತ್ತಿತ್ತು. ಪಡಸಾಲೆಯಿಂದ ಎದ್ದು ಹಿತ್ತಲಿಗೆ ಹೋಗಿ ಕೂಡುತ್ತಿದ್ದಳು. ಅವ್ವ ಮೊದಲು ಬೇಸರಪಟ್ಟಳು, ಆಮೇಲೆ ಮೆಲ್ಲಗೆ ಮಗಳ ಕಡೆ ವಾಲಿದಳು. ಪಲ್ಯಕ್ಕೆ ಎಣ್ಣೆ ಕಡಿಮೆಯಾಯಿತು, ಹಪ್ಪಳ ಉಪ್ಪಿನಕಾಯಿ ಮೇಲಿನ ಹಲಗೆಗೆ ಹೋದವು. ಎರಡು ರೊಟ್ಟಿ, ಹೆಸರುಕಾಳು, ಮೆಂತ್ಯ ಸೊಪ್ಪು, ನೀರು ಮಜ್ಜಿಗೆ.

ಅವಸರಕ್ಕೆ ಬಿದ್ದು ಒಂದು ತಪ್ಪನ್ನೂ ಮಾಡಿದಳು. ಭಾರ ಬೇಗ ಇಳಿಯಲೆಂದು ಊಟವನ್ನೇ ಬಿಟ್ಟಳು. ನಾಲ್ಕನೆಯ ದಿನ ಲ್ಯಾಬಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಾಗ ಸುಮನ್ ಅವಳನ್ನು ಮತ್ತೆ ಮೇಡಂ ಬಳಿಗೆ ಕರೆದೊಯ್ದಳು.

“ಉಪವಾಸ ಮಾಡಂತ ನಾ ಅಂದಿದ್ನೇನ?” ರಾಧಿಕಾ ಮೇಡಂ ಸಿಟ್ಟಾದರು. “ವರ್ಷಾನುಗಟ್ಟಲೆ ಏರಿದ್ದು ವಾರದಾಗ ಇಳೀತೈತೇನ? ಉಣ್ಣು, ಹದಕ್ಕ ಉಣ್ಣು. ಪೌಡರ್ ಗೀವಡರ್ ಯಾರರೆ ಕೊಟ್ರ ಮುಟ್ಟಬ್ಯಾಡ. ದಿನಾ ನಡಿ. ಒಂದಿನಾ ತಪ್ಪಿಸಬ್ಯಾಡ.”

ನಡೆಯುವುದಕ್ಕೆ ಅವಳು ಘೋಡಗೇರಿ ಕಡೆಯ ದಾರಿ ಹಿಡಿದಳು. ಸುಮನ್‌ಳ ಊರು ಅದೇ. ಸಂಜೆ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಘಟಪ್ರಭಾದಲ್ಲಿ ಇಳಿಯುತ್ತಿದ್ದರು. ಕಾಲುವೆಯ ಸೇತುವೆಯವರೆಗೆ ಜೊತೆಯಾಗಿ ನಡೆದು, ಸುಮನ್ ಅಲ್ಲಿಂದ ಊರಿಗೆ ಗಾಡಿ ಹತ್ತಿದರೆ ಆಮ್ರಪಾಲಿ ಒಬ್ಬಳೇ ಧುಪದಾಳಕ್ಕೆ ತಿರುಗಿ ನಡೆಯುತ್ತಿದ್ದಳು. ಮೊದಲ ವಾರ ತೊಡೆ ಉಜ್ಜಿ ಉರಿ ಎದ್ದಿತು, ಹಿಮ್ಮಡಿ ನೋಯಿತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮರುದಿನ ಮತ್ತೆ ಹೊರಟಳು.

ನಡುವೆ ಮೂಡಲಗಿಯಲ್ಲಿ ಸೋದರತ್ತೆ ಬಾಳವ್ವನ ಮಗಳ ಮದುವೆ ಬಂತು. ಬುದ್ಧವಂದನೆ ಮುಗಿದು ಊಟದ ಪಂಕ್ತಿ ಕೂತಿತು. ಬಾಳವ್ವತ್ತೆ ಬುಂದೆ ಉಂಡಿಯ ಬುಟ್ಟಿ ಹಿಡಿದು ತಾನೇ ಬಡಿಸಲು ಬಂದಳು. ಆಮ್ರಪಾಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

“ಸಾಕ್ರಿ ಅತ್ತಿ. ಒಂದ ಹಾಕ್ರಿ.”

“ಅಯ್ಯ, ಇಷ್ಟ ದೊಡ್ಡ ಮೈ ಹೊತ್ಕೊಂಡು ಒಂದ ಬುಂದೆ ಉಂಡಿ ತಿಂತಾಳಂತ ನೋಡ್ರಿ!” ಎಂದು ಅತ್ತೆ ಪಂಕ್ತಿಗೆಲ್ಲ ಕೇಳುವಂತೆ ನಕ್ಕಳು. ಆಮ್ರಪಾಲಿಯ ಕಿವಿ ಬಿಸಿಯಾಯಿತು. ಆದರೂ ಕೈ ತೆಗೆಯಲಿಲ್ಲ. “ಈ ಮೈ ಇಳಿಸಾಕಂತನ ಬ್ಯಾಡ ಅನ್ನಾಕತ್ತೇನ್ರಿ ಅತ್ತಿ. ಕಿಡ್ನಿ ತಡಿಯಂಗಿಲ್ಲ ಅಂದಾರ ಡಾಕ್ಟರ್,” ಎಂದು ಅಷ್ಟೇ ಗಟ್ಟಿಯಾಗಿ ಹೇಳಿದಳು. ನಗು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಕೂತ ಶುಭಮ್ ಅಕ್ಕನನ್ನು ಓರೆಗಣ್ಣಿನಿಂದ ನೋಡಿ, ತನ್ನ ಎಲೆಯ ಮೇಲಿನ ಉಂಡಿಗಳನ್ನು ಒಂದೊಂದೇ ಮುಗಿಸಿದ. ಅವನಿಗಿನ್ನೂ ಹದಿನಾರು, ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿದು ನಿಂತಿತ್ತು. ಅವಳಿಗೆ ತನಗಿಂತ ಅವನ ಚಿಂತೆ ಹತ್ತಿದ್ದು ಆವಾಗ.

ಮಳೆ ಮುಗಿದ ಒಂದು ಸಂಜೆ ಅವಳು ಸೇತುವೆಯ ಈಚೆ ಒಬ್ಬಳೇ ನಡೆಯುತ್ತಿದ್ದಳು. ಹಿಂದಿನಿಂದ, ಗೋಕಾಕಕ್ಕೆ ಹೊರಟ ಹುಕ್ಕೇರಿ ಬಸ್ಸು ಬಂತು. ಕಿಟಕಿಯಿಂದ ಇಬ್ಬರು ಹುಡುಗರು ಅರ್ಧ ಮೈ ಹೊರಹಾಕಿ, “ಏ, ಆನಿ ಬಂತ್ರೋ ಆನಿ! ದಾರಿ ಬಿಡ್ರಿ!” ಎಂದು ಕೇಕೆ ಹಾಕಿದರು. ಒಳಗಿನಿಂದ ನಗು ಕೇಳಿಸಿತು. ಅವಳಿಗೆ ಇದು ಹೊಸದಲ್ಲ. ಕಣ್ಣು ದಾರಿಯ ಮೇಲಿಟ್ಟು ನಡೆದಳು. ಆದರೆ ಬಸ್ಸು ಮುಂದೆ ಹೋಗಲಿಲ್ಲ. ಬ್ರೇಕು ಕಿರುಗುಟ್ಟಿ, ಡ್ರೈವರನ ಬಾಗಿಲು ತೆರೆದು ಅಪ್ಪ ಕೆಳಗಿಳಿದ.

ಅವನ ಮುಖ ಸುಟ್ಟ ಹಾಗಿತ್ತು. ಕಿಟಕಿಯ ಕಡೆ ತಿರುಗಿ, “ಆಕಿ ನನ್ನ ಮಗಳದಾಳ,” ಎಂದ, ಅಷ್ಟೇ. ಹುಡುಗರ ತಲೆ ಒಳಗೆ ಸರಿದವು.

“ಹತ್ತ ಪಾಲಿ. ಘಟಪ್ರಭಾದಾಗ ಬಿಡ್ತೀನಿ. ಮಂದಿ ಕಡಿಂದ ಇಂಥಾ ಮಾತ ಕೇಳೂದ ಬ್ಯಾಡ.”

ಅವಳಿಗೆ ಹತ್ತಬೇಕೆನಿಸಿತು. ಕಾಲು ಸೋತಿದ್ದವು, ಕಣ್ಣು ತುಂಬಿದ್ದವು. ಓಢಣಿಯಿಂದ ಮುಖ ಒರೆಸಿಕೊಂಡಳು.

“ನಾ ಹತ್ತಂಗಿಲ್ಲಪ್ಪಾ. ಇನ್ನ ಸ್ವಲ್ಪ ದಾರಿ ಉಳದೈತಿ.”

“ಹಟಾ ಮಾಡಬ್ಯಾಡ.”

“ನೀನೂ ಹಟಾ ಮಾಡೇ ನಮ್ಮನ್ನ ಬೆಳಸೀದಿ. ನಾವು ಹಸೀಬಾರದು ಅಂತ ನೀ ಮಾಡಿದಿ. ನಾ ಬದಕಬೇಕಂತ ಮಾಡಾಕತ್ತೇನಿ. ಅವ್ರು ನಗಲಿ, ನಾ ನಿಂದ್ರಂಗಿಲ್ಲ. ನೀ ಹೋಗು, ಗಾಡಿ ತಡಾ ಆಕ್ಕೈತಿ.”

ಯಲ್ಲಾರಿ ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಬಸ್ಸು ಹತ್ತಿದ. ಅವಳು ತಿರುಗಿ ನೋಡದೆ ನಡೆದಳು.

ಅವತ್ತು ಅಪ್ಪ ಮನೆಗೆ ಬರಿಗೈಲಿ ಬಂದ. ಖಾಕಿ ಅಂಗಿಯಲ್ಲೇ ಗೋಡೆಗೊರಗಿ ಕೂತ. ಕೈಗಳನ್ನು ಏನು ಮಾಡಬೇಕೋ ತಿಳಿಯದವನಂತೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಶುಭಮ್ ಚೀಲ ತಡಕಿ, “ಏನೂ ತಂದಿಲ್ಲೇನಪ್ಪಾ?” ಎಂದ.

“ಇಲ್ಲಪಾ.” ಮಗಳ ಕಡೆ ತಿರುಗಿ ಕೇಳಿದ: “ನನಗ ಹೊಟ್ಟಿ ತುಂಬ್ಸೂದ ಒಂದ ಗೊತ್ತಿತ್ತವಾ. ಈಗ ಏನ್ ತರಲಿ, ನೀನ ಹೇಳು.”

“ಪ್ಯಾರಲಹಣ್ಣ ತಾ. ಸೌತಿಕಾಯಿ ತಾ,” ಎಂದಳು ಆಮ್ರಪಾಲಿ. ಆಮೇಲೆ ಮೊದಲೇ ಮನಸ್ಸಿನಲ್ಲಿದ್ದ ಮಾತು ತೆಗೆದಳು: “ಶುಭಮ್‌ನ ನನ್ನ ಜೋಡಿ ಒಂದಿನಾ ಡಾಕ್ಟರ್ ಕಡೆ ಕಳಸು.”

“ನಾ ಬರಂಗಿಲ್ಲ! ನನಗೇನಾಗೇತಿ?” ಶುಭಮ್ ಹೌಹಾರಿದ.

“ನನಗೂ ಏನೂ ಆಗಿರಲಿಲ್ಲ,” ಎಂದಳು ಅಕ್ಕ.

ಅವನು ಒಪ್ಪಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬೇಸಿಗೆ ಬಂದು, ಆಮ್ರಪಾಲಿಯ ಸಡಿಲಾದ ಚೂಡಿದಾರಗಳಿಗೆ ಅವ್ವ ಎರಡು ಸಲ ಹೊಲಿಗೆ ಹಾಕಿದ್ದಳು. ಪ್ರೋಟೀನು ಸೋರುವುದು ಬಹಳ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಮೇಡಂ ಬಿಪಿ ಗುಳಿಗೆ ಅರ್ಧ ಮಾಡಿ, “ನಡಿ, ಹಿಂಗ ನಡಿ, ಇನ್ನೂ ಇಳೀಬೇಕು,” ಎಂದರು. ಅವಳು ಹೂಂ ಎಂದಳು. ಮುಗಿಯಿತು ಎಂದು ಹೇಳಲಿಲ್ಲವೆಂಬ ಬೇಸರ ಅವಳಿಗಾಗಲಿಲ್ಲ. ಬದುಕಿರುವ ತನಕ ಕಾಯ್ದುಕೊಳ್ಳಬೇಕಾದ ಮೈ ಇದು ಎನ್ನುವುದು ಅಷ್ಟೊತ್ತಿಗೆ ಅವಳಿಗೆ ಮನದಟ್ಟಾಗಿತ್ತು.

ಶುಭಮ್‌ನ ಮೂತ್ರದಲ್ಲಿ ಏನೂ ಇರಲಿಲ್ಲ. ಆದರೆ ಹದಿನಾರರ ಹುಡುಗನಿಗೆ ಇರಬಾರದಷ್ಟು ಬಿಪಿ ಇತ್ತು. ದವಾಖಾನೆಯಿಂದ ಬಂದವನು ಸಂಜೆ ಮೊಬೈಲನ್ನೂ ಮುಟ್ಟಲಿಲ್ಲ.

ಮರುದಿನ ರಜೆ. ಬೆಳಗಿನ ಜಾವ ಆಮ್ರಪಾಲಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತಿದ್ದಾಗ ಶುಭಮ್ ಕಣ್ಣುಜ್ಜುತ್ತ ಬಾಗಿಲಿಗೆ ಬಂದು ನಿಂತ. ಶಾಲೆಯ ಬಿಳಿ ಬೂಟು ಅವನ ಕಾಲಲ್ಲಿತ್ತು.

“ಭಾಳ ದೂರ ಕರ್ಕೊಂಡ ಹೋಗಬ್ಯಾಡ. ನನ್ನ ಗೆಳ್ಯಾರು ಯಾರರೆ ನೋಡಿದ್ರ ನಾ ಹೊಳ್ಳಿ ಬಂದ್ಬಿಡ್ತೀನಿ.”

“ನೋಡಿದ್ರ ನೋಡ್ಲಿ. ನಡಿ.”

ಓಣಿ ದಾಟುವ ತನಕ ಗೊಣಗುತ್ತ ಅವಳ ಹಿಂದೆ ಬಂದ. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ದೊಡ್ಡ ರಸ್ತೆ ಸಿಕ್ಕೊಡನೆ, ಅಕ್ಕನ ಹಿಂದೆ ಬೀಳುವುದು ಅವಮಾನವೆನಿಸಿತೋ ಏನೋ, ಏದುಸಿರು ಬಿಡುತ್ತಲೇ ದಾಪುಗಾಲು ಹಾಕಿ ಅವಳನ್ನು ದಾಟಿ ಹೋದ. ಆಮ್ರಪಾಲಿ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಅವನನ್ನು ಹಿಡಿಯಲು ಹೆಜ್ಜೆ ಚುರುಕುಗೊಳಿಸಿದಳು.